ಎಲ್ಲರಿಗೂ ಒಂದೇ ನಿಯಮ ಇರುವಾಗ ಕನ್ನಡಕ್ಕೆ ಬೇರೆ ಹಕ್ಕು ಯಾಕೆ?

ಬೆಂಗಳೂರಿನ ನೆಂಟರು ಕೇಳುತ್ತಾರೆ, ಜೊತೆಗೆ ಕೆಲಸ ಮಾಡುವ ಮಲಯಾಳಿ ಗೆಳೆಯರೂ ಕೇಳುತ್ತಾರೆ. "ಕಾಸರಗೋಡು ಕೇರಳಕ್ಕೆ ಸೇರಿ ಎಷ್ಟು ಕಾಲ ಆಯ್ತು! ಎಲ್ಲರಿಗೂ ಒಂದೇ ಪಾಠ, ಒಂದೇ ಪರೀಕ್ಷೆ, ಒಂದೇ ನಿಯಮ. ಸಮಾನತೆ ಅಂದ್ರೆ ಅದೇ ಅಲ್ವಾ? ನಿಮಗೆ ಮಾತ್ರ ಬೇರೆ ಯಾಕೆ?" ಕೇಳುವವರ ಮನಸ್ಸಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಅರ್ಧಂಬರ್ಧ ಉತ್ತರ ಹೇಳಿ ಸುಮ್ಮನಾಗುತ್ತೇನೆ. ಇವತ್ತು ಪೂರ್ತಿ ಬರೆಯುತ್ತೇನೆ.

ಅಕ್ಕನ ಮಗನ ಲೆಕ್ಕದ ನೋಟ್ಸಿನಿಂದ ಶುರು ಮಾಡಬೇಕು. ಅವನದ್ದು ಕನ್ನಡ ಮಾಧ್ಯಮ. ಒಂದು ವರ್ಷ ಅವರ ಕ್ಲಾಸಿಗೆ ಕನ್ನಡ ಬಾರದ ಟೀಚರ್ ಬಂದರು. ಪುಸ್ತಕ ಕನ್ನಡದ್ದು, ಪಾಠ ಮಲಯಾಳದ್ದು. ಒಂದು ಸಂಜೆ ನೋಡಿದರೆ ವೃತ್ತದ ಎಲ್ಲ ಲೆಕ್ಕಕ್ಕೂ ಹುಡುಗ ತ್ರಿಜ್ಯ 6 ಅಂತ ಹಾಕಿದ್ದಾನೆ. ಎಲ್ಲಿಂದ ಬಂತೋ ಈ ಆರು ಅಂತ ಕೇಳಿದೆ. "ಟೀಚರ್ ಪ್ರತಿ ಸಲ ಆರಂ ಆರಂ ಅಂತಾರಲ್ಲ ಮಾವ" ಅಂದ. ಮಲಯಾಳದಲ್ಲಿ ಆರಂ ಅಂದರೆ ತ್ರಿಜ್ಯ. ಇವನ ಕಿವಿಗೆ ಅದು ಆರು. ಪುಟದ ಅಂಚಿನಲ್ಲಿ 'ಪರಪ್ಪಳವ್' ಅಂತ ಕನ್ನಡ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡಿದ್ದ. ಅದು ವಿಸ್ತೀರ್ಣ. ಪುಟದ ತುಂಬಾ ಕೆಂಪು ಶಾಯಿಯ ತಪ್ಪು ಗುರುತು. ಆದರೆ ಗುಣಾಕಾರ ನೋಡಿ: 3.14ನ್ನು 36ರಿಂದ ಗುಣಿಸಿ 113.04. ಒಂದು ಅಂಕಿಯೂ ತಪ್ಪಿರಲಿಲ್ಲ.

ಆ ಟೀಚರನ್ನು ನಾನು ದೂರುವುದಿಲ್ಲ. ಗೊತ್ತಿಲ್ಲದ ಭಾಷೆಯ ಕ್ಲಾಸಿಗೆ ಅವರನ್ನು ಕಳಿಸಿದ್ದೇ ತಪ್ಪು, ಪಾಪ ಅವರೂ ಒದ್ದಾಡುತ್ತಿದ್ದರು. ಆದರೆ ಪಕ್ಕದ ಮಲಯಾಳ ಕ್ಲಾಸಿನ ಮಕ್ಕಳಿಗೂ ಇವನಿಗೂ ಅದೇ ಬೆಂಚು, ಅದೇ ಪಾಠ, ಅದೇ ಪ್ರಶ್ನೆಪತ್ರಿಕೆ. ಕಾಗದದಲ್ಲಿ ಎಲ್ಲವೂ ಸಮ.

ಇಂಥದ್ದೇ ಒಂದು ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳು ಯಾವ ನೆರವೂ ಇಲ್ಲದೆ ಕೂತಿದ್ದರು. ಎಲ್ಲರಿಗೂ ಕೊಟ್ಟದ್ದನ್ನೇ ಇವರಿಗೂ ಕೊಟ್ಟಿದ್ದಾರೆ, ಭೇದ ಎಲ್ಲಿದೆ ಅಂತ ಕೆಳಗಿನ ಕೋರ್ಟುಗಳು ಹೇಳಿದ್ದವು. ನನ್ನ ನೆಂಟರ ಪ್ರಶ್ನೆಯೇ ಅದು! 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಭಾಷೆಯೇ ಅರ್ಥವಾಗದ ಮಗುವಿಗೆ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟರೆ ಸಮಾನವಾಗಿ ನಡೆಸಿಕೊಂಡ ಹಾಗಾಗುವುದಿಲ್ಲ ಅಂದಿತು. ಅದಕ್ಕೆ ಆಧಾರ 1964ರ ಸಿವಿಲ್ ರೈಟ್ಸ್ ಕಾಯ್ದೆ. ಆ ದೇಶಕ್ಕೂ ಇದು ಒಂದೇ ದಿನದಲ್ಲಿ ಹೊಳೆದದ್ದಲ್ಲ. ಕರಿಯರನ್ನು ಬೇರೆ ಕೂರಿಸಿದರೂ ಸೌಲಭ್ಯ ಸಮ ಇದ್ದರೆ ಸಾಕು ಅಂತ 1896ರಲ್ಲಿ ಇದೇ ಕೋರ್ಟು ಒಪ್ಪಿತ್ತು. ಶಾಲೆಗಳಲ್ಲಿ ಅದು ಸಲ್ಲದು ಅನ್ನುವುದಕ್ಕೆ 1954 ಬರಬೇಕಾಯಿತು.

ಅಷ್ಟು ದೂರ ಹೋಗುವುದೇ ಬೇಡ ಅನ್ನುವವರಿಗೆ ಕೇರಳದ್ದೇ ಒಂದು ಕೇಸು ಇದೆ, ಎನ್. ಎಂ. ಥಾಮಸ್ ಕೇಸು. ಗುಮಾಸ್ತರಿಗೆ ಬಡ್ತಿ ಸಿಗಬೇಕಾದರೆ ಇಲಾಖೆಯ ಪರೀಕ್ಷೆ ಪಾಸಾಗಬೇಕಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಪಾಸಾಗಲು ಕೇರಳ ಸರ್ಕಾರ ಜಾಸ್ತಿ ಸಮಯ ಕೊಟ್ಟಿತು. ಇದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟು ಹೇಳಿತು. ಸರ್ಕಾರ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಗಿ 1975ರಲ್ಲಿ ಗೆದ್ದಿತು. ಹಿಂದೆ ಉಳಿದವರಿಗೆ ಬೇರೆ ಅವಕಾಶ ಕೊಡುವುದು ಕೂಡ ಸಮಾನತೆಯ ದಾರಿಯೇ ಅನ್ನುವ ಮಾತು ನಮ್ಮ ಕಾನೂನಿನಲ್ಲಿ ಗಟ್ಟಿಯಾಗಿ ನಿಂತದ್ದು ಆ ತೀರ್ಪಿನಿಂದ. ಜಾತಿಯ ಕಾರಣಕ್ಕೆ ಜನ ಅನುಭವಿಸಿದ್ದನ್ನೂ ನಮ್ಮ ಭಾಷೆಯ ಕಷ್ಟವನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ, ಇಡಲೂಬಾರದು. ಆದರೆ ಕೋರ್ಟಿನಲ್ಲಿ ನಿಂತು ಈ ವಾದ ಮಾಡಿ ಗೆದ್ದ ಸರ್ಕಾರ ನಮ್ಮ ಕಾಸರಗೋಡಿನ ಪೈವಳಿಕೆ, ಎಣ್ಮಕಜೆಯ ಕನ್ನಡ ಮಕ್ಕಳ ವಿಷಯದಲ್ಲೂ ಅದನ್ನು ನೆನಪಿಟ್ಟುಕೊಳ್ಳಬೇಕು ಅಂತ ಕೇಳುವುದು ತಪ್ಪಾ?

ಇನ್ನು ಒಂದು ದಿನಾಂಕ ಹೇಳುತ್ತೇನೆ. 1956ರ ನವೆಂಬರ್ 1. ಕಾಸರಗೋಡು ಮದ್ರಾಸ್ ರಾಜ್ಯದಿಂದ ಕೇರಳಕ್ಕೆ ಹೋದ ದಿನ. ಸಂವಿಧಾನದ ಏಳನೇ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ದಿನ. ಆ ತಿದ್ದುಪಡಿಯಲ್ಲೇ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅಂತ ಅದು ಹೇಳುತ್ತದೆ. ಗಡಿ ಗೆರೆ ಎಳೆಯುವಾಗಲೇ ಗೆರೆಯ ಆಚೆ ಉಳಿಯುವವರಿಗೆ ಕೊಟ್ಟ ಮಾತು ಇದು. ನಾವು ಹೊಸದಾಗಿ ಏನೂ ಕೇಳುತ್ತಿಲ್ಲ. 'ಪ್ರಯತ್ನ' ಅನ್ನುವ ಶಬ್ದ ಸಡಿಲ, ಅದು ನಿಜ. ಆ ಸಡಿಲದಲ್ಲೇ ನಮ್ಮ ಮಕ್ಕಳು ಜಾರಿ ಹೋಗುತ್ತಿದ್ದಾರೆ.

ಮಲಯಾಳ ಕಲಿಯಬಾರದಾ ಅಂತಲೂ ಕೇಳುತ್ತಾರೆ. ಕಲಿತಿದ್ದೇವಲ್ಲ! ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮೀನಿನವರ ಹತ್ತಿರ ಬ್ಯಾರಿ. ನಮ್ಮಲ್ಲಿ ಇದು ದಿನದ ಬದುಕು. ಹಾಗಾಗಿ ನಮ್ಮವರಿಗೂ ಒಂದು ಮಾತು ಹೇಳಬೇಕು. ನಮ್ಮ ಕನ್ನಡ ಶಾಲೆಗೆ ಬರುವ ಕೊರಗ ಬುಡಕಟ್ಟಿನ ಮಗುವಿಗೆ ಮೊದಲ ದಿನ ನಮ್ಮ ಕನ್ನಡವೂ ಹೊರಗಿನದೇ. ಸರ್ಕಾರದ ಹತ್ತಿರ ನ್ಯಾಯ ಕೇಳುವ ನಾವು ಆ ಮಗುವನ್ನು ಹಿಂದಿನ ಬೆಂಚಿನಲ್ಲಿ ಮರೆತರೆ ಹೇಗೆ?

ಕಚೇರಿಗಳ ವಿಷಯದಲ್ಲೂ ಕಾನೂನು ನಮ್ಮ ಕಡೆಗೇ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರಕ್ಕೂ ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನೆರೆಮನೆಯ ಅಕ್ಕನ ಜಾಗದ ವಿಷಯಕ್ಕೆ ನಾನೇ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟೆ. ಉತ್ತರ ಮಲಯಾಳದಲ್ಲಿ ಬಂತು. ಅಕ್ಕ ಅದನ್ನು ಹಿಡಿದುಕೊಂಡು ಓದಿಸಲು ಮೂರು ಮನೆ ತಿರುಗಿದರು. ಕಾಯ್ದೆಯ ಹೆಸರು, ಇಸವಿ ಹಾಕಿ ಇನ್ನೊಂದು ಅರ್ಜಿ ಬರೆದೆವು. ಒಂದೂವರೆ ತಿಂಗಳಾದ ಮೇಲೆ ಕನ್ನಡದಲ್ಲೇ ಉತ್ತರ ಬಂತು. ಕಾಗುಣಿತ ತಪ್ಪು ಸುಮಾರಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಅದನ್ನು ಎರಡು ಸಲ ಓದಿದರು, ಯಾರನ್ನೂ ಕರೆಯಲಿಲ್ಲ.