ಕಡಿದ ನೂಲಿನ ತುದಿ ನೋಡಿ

12 ಜನವರಿ 2025, ಭಾನುವಾರ
ಧಾರವಾಡ

ಸಂಕ್ರಾಂತಿಗೆ ಎರಡೇ ದಿನ. ಗಾಳಿ ಒಣಗಿದೆ, ಹತ್ತಿಯ ಎಳೆ ಕೈಗೆ, ಅಂಗಿಗೆ ಅಂಟುತ್ತಿದೆ, ನೂಲು ಮಾಮೂಲಿಗಿಂತ ಬೇಗ ಕಡಿಯುತ್ತಿದೆ. ಹತ್ತಿ ಸ್ವಲ್ಪ ತೇವ ಹೀರಿಕೊಂಡಿದ್ದಾಗಲೇ ಗಟ್ಟಿ. ಇಂಥ ದಿನಗಳಲ್ಲಿ ಹಂಜಿಯನ್ನು, ಅಂದರೆ ನೂಲಲು ಸುತ್ತಿಟ್ಟ ಹತ್ತಿಯ ಬತ್ತಿಯನ್ನು, ಹಿಂದಿನ ರಾತ್ರಿಯೇ ಮುಚ್ಚಳದ ಡಬ್ಬಿಗೆ ಹಾಕಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯನ್ನು ಬಟ್ಟಲಲ್ಲಿಟ್ಟು ಜೊತೆಗಿಡಬೇಕು. ಹಂಜಿಗೆ ನೇರವಾಗಿ ನೀರು ತಾಗಬಾರದು.

ಹೊಸದಾಗಿ ಚರಕದಲ್ಲಿ ನೂಲಲು ಕೂತವರಿಗೆ ಮೊದಲು ಎದುರಾಗುವುದೇ ಈ ಕಡಿತ. ಕಡಿದ ಕೂಡಲೇ ಗಡಿಬಿಡಿಯಲ್ಲಿ ಜೋಡಿಸಿ ಮುಂದೆ ಹೋಗುತ್ತಾರೆ, ಅದೇ ತಪ್ಪಿನಿಂದ ಮತ್ತೆ ಕಡಿಯುತ್ತದೆ. ಒಂದು ಕ್ಷಣ ನಿಂತು ಕಡಿದ ತುದಿಯನ್ನು ಕಪ್ಪು ಬಟ್ಟೆಯ ಮೇಲಿಟ್ಟು ನೋಡಿ. ತುದಿ ಉದ್ದಕ್ಕೆ ಸಣ್ಣದಾಗುತ್ತ ಹೋಗಿ, ಎಳೆಗಳು ಬಿಡಿಬಿಡಿಯಾಗಿ ಚಾಚಿಕೊಂಡಿದ್ದರೆ ಹುರಿ, ಅಂದರೆ ನೂಲಿನ ತಿರುಚು, ಸಾಲಲಿಲ್ಲ ಎಂದರ್ಥ. ಎಳೆಗಳು ಮುರಿದಿಲ್ಲ, ಒಂದರ ಪಕ್ಕದಿಂದ ಒಂದು ಜಾರಿ ಹೋಗಿವೆ. ಆಗ ಸದ್ದೂ ಆಗುವುದಿಲ್ಲ. ತುದಿ ಮೊಂಡಾಗಿ, ಕತ್ತರಿ ಹಾಕಿದ ಹಾಗಿದ್ದು, ಉಳಿದ ನೂಲು ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡರೆ ಹುರಿ ಜಾಸ್ತಿಯಾಗಿದೆ. ತೆಳುವಾದ ಕಡೆ ಎಳೆಗಳೇ ಮುರಿದಿವೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಹಂಜಿ ಎಳೆಯುವ ಎಡಗೈ ನಿಧಾನವಾಗಬೇಕು, ಎರಡನೆಯದಕ್ಕೆ ಚಕ್ರ ತಿರುಗಿಸುವ ಬಲಗೈ.

ಇದರ ಹಿಂದಿರುವ ಸಂಗತಿ ಒಂದೇ: ಹುರಿ ಯಾವಾಗಲೂ ತೆಳು ಜಾಗಕ್ಕೆ ಓಡುತ್ತದೆ. ದಪ್ಪ ಜಾಗದಲ್ಲಿ ಎಳೆ ಹೆಚ್ಚು, ಅದನ್ನು ತಿರುಚಲು ಬಲ ಹೆಚ್ಚು ಬೇಕು. ಆದ್ದರಿಂದ ಎಳೆಯುತ್ತಿರುವಾಗ ಒಂದು ಕಡೆ ಬುರುಬುರು ದಪ್ಪವಾಗಿ ಕಂಡರೆ ಹೆದರಬೇಕಿಲ್ಲ. ಅಕ್ಕಪಕ್ಕದ ತೆಳು ಭಾಗ ಹುರಿ ಹಿಡಿದು ಗಟ್ಟಿಯಾಗಿರುತ್ತದೆ, ದಪ್ಪ ಭಾಗ ಇನ್ನೂ ಸಡಿಲವಾಗಿರುತ್ತದೆ. ಚಕ್ರ ನಿಲ್ಲಿಸಿ ಮೆಲ್ಲಗೆ ಎಳೆದರೆ ದಪ್ಪವೇ ಹಿಗ್ಗಿ ಸಮವಾಗುತ್ತದೆ. ಹುರಿ ತುಂಬಿದ ಮೇಲೆ ಎಳೆದರೆ ದಪ್ಪ ಹಾಗೇ ಉಳಿದು ತೆಳುವಾದದ್ದು ಪಟ್ಟೆಂದು ಹೋಗುತ್ತದೆ. ಇದು ಕೈಗೆ ಗೊತ್ತಾದ ದಿನ ಅರ್ಧ ಕಲಿತ ಹಾಗೆ.

ಆದರೆ ಎಲ್ಲ ಕಡಿತವೂ ಕೈಯ ತಪ್ಪಲ್ಲ. ಪೆಟ್ಟಿಗೆ ಚರಕದಲ್ಲಿ ಎರಡು ಚಕ್ರ: ಹಿಡಿಕೆಯಿರುವ ದೊಡ್ಡದು ಸಣ್ಣದನ್ನು ತಿರುಗಿಸುತ್ತದೆ, ಸಣ್ಣದು ಕದಿರನ್ನು, ಅಂದರೆ ಹುರಿ ಕೊಟ್ಟು ನೂಲು ಸುತ್ತಿಕೊಳ್ಳುವ ಮೊನೆಯ ಸರಳನ್ನು. ವೇಗ ಎರಡು ಹಂತದಲ್ಲಿ ಏರುವುದರಿಂದಲೇ ಇಷ್ಟು ಚಿಕ್ಕ ಪೆಟ್ಟಿಗೆಯಿಂದ ಅಷ್ಟು ವೇಗ ಬರುತ್ತದೆ. ಗಾಂಧೀಜಿ ಯರವಡಾ ಜೈಲಿನಲ್ಲಿದ್ದಾಗ ಇದನ್ನು ತಿದ್ದಿ ರೂಢಿಗೆ ತಂದದ್ದಕ್ಕೆ ಯರವಡಾ ಚರಕ ಎಂಬ ಹೆಸರೂ ಇದೆ. ಕದಿರು ಒಂದಿಷ್ಟು ಬಾಗಿದ್ದರೂ ಆ ವೇಗದಲ್ಲಿ ತುದಿ ನಡುಗುತ್ತದೆ. ಬಿಳಿ ಕಾಗದ ಹಿಂದೆ ಹಿಡಿದು ತಿರುಗಿಸಿ. ತುದಿ ಒಂದೇ ಗೆರೆಯಾಗಿ ಕಾಣಬೇಕು, ಎರಡಾಗಿ ಕಂಡರೆ ಬಾಗಿದೆ. ಗಾಜಿನ ಮೇಲೆ ಉರುಳಿಸಿದರೆ ಎಲ್ಲಿ ಬಾಗಿದೆ ಎಂದೂ ತಿಳಿಯುತ್ತದೆ. ಇನ್ನೊಂದು ಕಳ್ಳ, ಚಕ್ರದಿಂದ ಕದಿರಿಗೆ ಹೋಗುವ ದಾರದ ಗಂಟು. ದಪ್ಪ ಗಂಟು ಕದಿರನ್ನು ದಾಟುವಾಗಲೆಲ್ಲ ಕದಿರು ಒಮ್ಮೆ ಜಿಗಿಯುತ್ತದೆ. ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಬಂದು ಆ ಸದ್ದಿನ ಜೊತೆಗೇ ನೂಲು ಕಡಿದರೆ ಗಂಟನ್ನೇ ಸಣ್ಣದು ಮಾಡಿ, ತುದಿ ಹತ್ತಿರಕ್ಕೆ ಕತ್ತರಿಸಿ, ಜೇನುಮೇಣ ಸವರಿ. ದಾರ ತೀರಾ ಬಿಗಿಯಾದರೆ ಹಿಡಿಕೆ ಭಾರವಾಗುತ್ತದೆ. ಸಡಿಲವಾದರೆ ಚಕ್ರ ತಿರುಗಿದರೂ ಕದಿರು ಹಿಂದೆ ಬೀಳುತ್ತದೆ, ನೀವು ಹುರಿ ಕೊಟ್ಟೆನೆಂದುಕೊಂಡದ್ದು ನೂಲಿಗೆ ತಲುಪಿರುವುದೇ ಇಲ್ಲ. ಕದಿರು ಕೂರುವ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು, ಹೆಚ್ಚಾದದ್ದನ್ನು ಒರೆಸಿಬಿಡಿ. ನೂಲಿಗೆ ಎಣ್ಣೆ ತಾಗಿದರೆ ಕಪ್ಪು ಕಲೆ ಹೋಗುವುದು ಕಷ್ಟ.

ಹಂಜಿಯ ಬಗ್ಗೆ ಕಡಿಮೆ ಹೇಳಿದರೂ ಸಾಕು. ಚೆನ್ನಾಗಿ ಹಿಂಜಿ, ಕಡ್ಡಿಗೆ ಸಡಿಲವಾಗಿ ಸುತ್ತಿ ತೆಗೆದ, ಕಿರುಬೆರಳಿನ ದಪ್ಪದ ಹಂಜಿ ಬೇಕು. ಎಳೆ 27–28 ಮಿ.ಮೀ. ಇರುವ ಹತ್ತಿ ಹೊಸಬರಿಗೆ ಒಳ್ಳೆಯದು. ನಮ್ಮ ಕಡೆಯ ಜಯಧರ ಹತ್ತಿಯ ಎಳೆ ಅದಕ್ಕಿಂತ ಗಿಡ್ಡ. ನೂಲು ಚೆನ್ನಾಗಿ ಬರುತ್ತದೆ, ಆದರೆ ಗಿಡ್ಡ ಎಳೆಗೆ ಹುರಿ ಹೆಚ್ಚು ಬೇಕಾಗುವುದರಿಂದ ಕೈ ಪಳಗಿದ ಮೇಲೆ ಹಿಡಿಯುವುದು ವಾಸಿ. ಔಷಧಿ ಅಂಗಡಿಯ ಹತ್ತಿಯಿಂದ ಕಲಿಯಲೇಬೇಡಿ. ಅದರ ಸಹಜ ಮೇಣವನ್ನು ತೊಳೆದು ತೆಗೆದಿರುತ್ತಾರೆ, ಎಳೆ ತುಂಡುತುಂಡಾಗಿರುತ್ತದೆ. ಅದರಲ್ಲಿ ಸೋತವರು ತಮಗೆ ಕೈ ಬರುವುದಿಲ್ಲ ಎಂದು ರಾಟೆಯನ್ನೇ ಬಿಟ್ಟರೆ ಅದು ನಿಜಕ್ಕೂ ಬೇಸರದ ವಿಷಯ.

ಈಗ ಎಳೆಯುವುದು. ಕದಿರಿಗೆ ಒಂದು ಮೊಳದಷ್ಟು ಹಳೆಯ ನೂಲು ಬಿಗಿಯಾಗಿ ಸುತ್ತಿ, ಅದರ ತುದಿಯನ್ನು ಹಂಜಿಯ ಬಾಯಿಗೆ ಎರಡು ಬೆರಳಗಲ ಒರಗಿಸಿ ಹಿಡಿಯಿರಿ. ಗಂಟು ಬೇಡ. ಹಿಡಿಕೆಯನ್ನು ಕಾಲು ಸುತ್ತು ತಿರುಗಿಸಿದರೆ ಹುರಿ ತಾನೇ ಎರಡನ್ನೂ ಕಟ್ಟಿಹಾಕುತ್ತದೆ. ಎಡಗೈಯಲ್ಲಿ ಹಂಜಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹೂವು ಹಿಡಿದಷ್ಟೇ ಹಗುರವಾಗಿ ಹಿಡಿಯಬೇಕು. ಒತ್ತಿ ಹಿಡಿದರೆ ಎಳೆ ಬಿಡುವುದಿಲ್ಲ, ಆಮೇಲೆ ಒಟ್ಟಿಗೆ ಕಿತ್ತು ಬಂದು ಗಂಟಾಗುತ್ತದೆ. ನೂಲು ಕದಿರಿನ ತುದಿಗೆ ಓರೆಯಾಗಿ ಇರಲಿ. ಹಾಗಿದ್ದಾಗ ಕದಿರು ತಿರುಗಿದಂತೆಲ್ಲ ನೂಲು ಮೊನೆಯಿಂದ ಜಾರುತ್ತದೆ, ಪ್ರತಿ ಜಾರಿಗೆ ಒಂದು ಹುರಿ. ಕೈ ಕದಿರಿಗೆ ಅಡ್ಡವಾಗಿ ಬಂದರೆ ಹುರಿ ಬೀಳುವುದು ನಿಂತು ನೂಲು ಸುತ್ತಿಕೊಳ್ಳಲು ಶುರುವಾಗುತ್ತದೆ.

ಎಷ್ಟು ಹುರಿ ಎಂಬುದನ್ನು ಅಂದಾಜಿಗೆ ಬಿಡುವ ಬದಲು ಒಮ್ಮೆ ಲೆಕ್ಕ ಹಾಕಿಟ್ಟುಕೊಳ್ಳಬಹುದು. ಕದಿರಿಗೆ ಬಣ್ಣದ ದಾರ ಕಟ್ಟಿ, ಹಿಡಿಕೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಕದಿರು ಎಷ್ಟು ಸುತ್ತಿತು ಎಣಿಸಿ. 60 ಬಂತು ಎನ್ನೋಣ. 16ನೇ ನಂಬರಿನ ನೂಲಿಗೆ (ನಂಬರು ಹೆಚ್ಚಿದಷ್ಟೂ ನೂಲು ಸಣ್ಣ) ಇಂಚಿಗೆ ಸುಮಾರು 16 ಹುರಿ ಬೇಕು. ನಂಬರಿನ ವರ್ಗಮೂಲವನ್ನು ನಾಲ್ಕರಿಂದ ಗುಣಿಸುವುದು ಸಾಮಾನ್ಯ ಲೆಕ್ಕ. ಎಡಗೈ 24 ಇಂಚು ಹಿಂದೆ ಹೋಗುತ್ತದೆ ಎಂದರೆ ಒಂದು ಎಳೆತಕ್ಕೆ 384 ಹುರಿ, ಅಂದರೆ ಹಿಡಿಕೆಯ ಸುಮಾರು ಆರೂವರೆ ಸುತ್ತು. ಎಳೆಯುವಾಗ ನಾಲ್ಕು ಸುತ್ತು, ಕೈ ಹಿಂದೆ ನಿಂತ ಮೇಲೆ ಎರಡೂವರೆ. ಈ ಕೊನೆಯ ಎರಡೂವರೆ ಸುತ್ತನ್ನೇ ಹೊಸಬರು ಮರೆಯುವುದು. ನೂಲು ಆಗಲೇ ನೂಲಿನಂತೆ ಕಾಣುತ್ತದೆ, ಸುತ್ತಿಬಿಡುತ್ತಾರೆ. ಲಡಿ, ಅಂದರೆ ನೂಲಿನ ದೊಡ್ಡ ಸುತ್ತು, ಮಾಡುವಾಗ ಒಂದೊಂದೇ ಬಿಚ್ಚಿಕೊಳ್ಳುತ್ತದೆ.

ಸುತ್ತುವ ಮೊದಲು ಹಿಡಿಕೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮೊನೆಯ ಮೇಲಿರುವ ಸುರುಳಿ ಬಿಚ್ಚಿಕೊಳ್ಳಲಿ. ನೂಲು ಬಿಗಿಯಾಗಿಯೇ ಇರಬೇಕು, ಇಲ್ಲಿ ಸಡಿಲ ಬಿಟ್ಟರೆ ಗುಂಜಿಕೊಳ್ಳುತ್ತದೆ. ಆಮೇಲೆ ಕೈಯನ್ನು ಕದಿರಿಗೆ ಅಡ್ಡವಾಗಿ ತಂದು ಮುಂದಕ್ಕೆ ತಿರುಗಿಸಿದರೆ ಸುತ್ತಿಕೊಳ್ಳುತ್ತದೆ. ಬುಡದಲ್ಲಿ ದಪ್ಪ, ತುದಿಯ ಕಡೆಗೆ ಸಣ್ಣ ಆಗುವ ಹಾಗೆ ಉಂಡೆ ಕಟ್ಟಿ. ಮಧ್ಯೆ ಉಬ್ಬಿದರೆ ಲಡಿಗೆ ಎಳೆಯುವಾಗ ಮೇಲಿನ ಸುತ್ತು ಜಾರಿ ಸಿಕ್ಕಾಗುತ್ತದೆ. ಕೊನೆಯ ಗೇಣುದ್ದವನ್ನು ಸುರುಳಿಯಾಗಿ ಮೊನೆಗೆ ತಂದು ಮುಂದಿನ ಎಳೆತ ಶುರು.

ಕಳೆದ ತಿಂಗಳು ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷ ತುಂಬಿತು. 1924ರ ಆ ಅಧಿವೇಶನದಲ್ಲಿ ಕಾಂಗ್ರೆಸ್ ಸದಸ್ಯತ್ವಕ್ಕೆ ತಿಂಗಳಿಗೆ 2000 ಗಜ ನೂಲು ಎಂದು ಗೊತ್ತುಮಾಡಿದ್ದರು, ಅದೂ ಸಮವಾದ ನೂಲು. ಕಲಿಯುವವರಿಗೆ ಇವತ್ತಿಗೂ ಇದು ಒಳ್ಳೆಯ ಗುರಿ. 840 ಗಜ ನೂಲಿನ ಎಷ್ಟು ಲಡಿ ಸೇರಿ ಒಂದು ಪೌಂಡು, ಅಂದರೆ 453.6 ಗ್ರಾಂ ತೂಗುತ್ತವೆಯೋ ಅದೇ ನೂಲಿನ ನಂಬರು. 16ನೇ ನಂಬರಿನ 840 ಗಜ ಸುಮಾರು 28 ಗ್ರಾಂ ತೂಗುತ್ತದೆ, 2000 ಗಜಕ್ಕೆ 67–68 ಗ್ರಾಂ. ಮೊದಮೊದಲ ಲಡಿ 8–10ನೇ ನಂಬರಿಗೇ ನಿಲ್ಲುತ್ತದೆ, 840 ಗಜಕ್ಕೇ 45 ಗ್ರಾಂ ದಾಟುತ್ತದೆ. ಸಣ್ಣ ನೂಲಿಗೆ ಆತುರ ಪಡುವುದಕ್ಕಿಂತ ದಪ್ಪವಾದರೂ ಸಮವಾಗಿ ತೆಗೆಯುವುದು ಮೇಲು: ನೇಯುವವರಿಗೆ ಅದು ಉಪಯೋಗಕ್ಕೆ ಬರುತ್ತದೆ, ಒಂದು ಕಡೆ ದಾರ ಒಂದು ಕಡೆ ಕೂದಲು ಆದದ್ದು ಬರುವುದಿಲ್ಲ.

ಇವತ್ತಿನ ಲಡಿಗಳನ್ನು ನಾಲ್ಕು ಕಡೆ ಸಡಿಲವಾಗಿ ಎಂಟಂಕಿಯ ಹಾಗೆ ಕಟ್ಟಿಟ್ಟಿದೆ. ನಾಳೆ ಚೂರು ಸೋಪು ಹಾಕಿದ ನೀರಲ್ಲಿ ಅರ್ಧ ಗಂಟೆ ಕುದಿಸಿ, ತೊಳೆದು, ಕೆಳಗೆ ಹಗುರ ಭಾರ ಕಟ್ಟಿ ನೆರಳಲ್ಲಿ ಒಣಹಾಕಬೇಕು. ಕುದಿಸಿದರೆ ಹುರಿ ಕೂರುತ್ತದೆ, ಮಗ್ಗಕ್ಕೇರಿಸುವಾಗ ಗುಂಜಿಕೊಳ್ಳುವುದು ಕಡಿಮೆಯಾಗುತ್ತದೆ. ಕುದಿಯುವ ನೀರು ಹಳದಿಯಾದರೆ ಗಾಬರಿ ಬೇಡ, ಅದು ಹತ್ತಿಯ ಮೇಣ ಮತ್ತು ಧೂಳು.