ಚಕ್ರದ ಬುಡದ ಪುಟ್ಟ ಸೆನ್ಸರ್

ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ಹಳದಿ ದೀಪ, ಅಂದರೆ ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲಿನದು. ಪಕ್ಕದಲ್ಲೇ ಎಬಿಎಸ್ ದೀಪ, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆಯದು. ಎರಡೂ ಆರುತ್ತಲೇ ಇರಲಿಲ್ಲ.

ಮೆಕ್ಯಾನಿಕ್ ಅಣ್ಣ ಸ್ಕ್ಯಾನರ್ ಹಾಕಿದರು. ಬಂದ ದೋಷದ ಕೋಡ್ ಸಿ0035. ಎಡಗಡೆ ಮುಂದಿನ ಚಕ್ರದ ಸ್ಪೀಡ್ ಸೆನ್ಸರ್.

"ಕೋಡ್ ಬಂತು ಅಂತ ಸುಮ್ನೆ ಹೊಸದು ಹಾಕೋದು ಬೇಡ ಸರ್, ಮೊದಲು ಬಿಚ್ಚಿ ನೋಡೋಣ" ಅಂದರು. ಈ ಮಾತು ತುಂಬಾ ಇಷ್ಟವಾಯಿತು.

ಸೆನ್ಸರಿನ ಮೂತಿಗೆ ಕಪ್ಪಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು. ಒಳಗೆ ಅಯಸ್ಕಾಂತ ಇದೆಯಲ್ವಾ, ಬ್ರೇಕ್ ಸವೆದ ಪುಡಿಯನ್ನೆಲ್ಲ ಎಳೆದುಕೊಂಡಿದೆ. ಬಟ್ಟೆಯಲ್ಲಿ ಒರೆಸಿದರು. ವೈರು ಎಲ್ಲಾದರೂ ಉಜ್ಜಿಹೋಗಿದೆಯಾ ಅಂತ ಬೆರಳಾಡಿಸಿ ನೋಡಿ, ವಾಪಸ್ ಕೂರಿಸಿದರು. ಕೋಡ್ ಅಳಿಸಿ ಒಂದು ಸುತ್ತು ಓಡಿಸಿದ ಮೇಲೆ ದೀಪ ಆರಿತು.

ನಾಲ್ಕೂ ಚಕ್ರದ ವೇಗ ಗೊತ್ತಾದರೆ ತಾನೇ ಯಾವುದು ಜಾರುತ್ತಿದೆ ಅಂತ ಕಾರಿಗೆ ತಿಳಿಯುವುದು? ಒಂದು ಚಕ್ರದ ಸೆನ್ಸರ್ ಸುದ್ದಿ ಕೊಡದಿದ್ದರೂ ಟ್ರಾಕ್ಷನ್ ಕಂಟ್ರೋಲ್ ಕೈಕಟ್ಟಿ ಕೂರುತ್ತದೆ.

ಮಳೆಯಲ್ಲಿ ಘಾಟಿ ಹತ್ತುವವರು ಈ ದೀಪ ಕಂಡರೆ ದಯವಿಟ್ಟು ಹಾಗೇ ಬಿಡಬೇಡಿ.