ದಬ್ಬಣ, ಸುತಳಿ ಮತ್ತು ತೋಳಿನ ಮೇಲಿನ ಹೆಸರು

ನನ್ನ ತಂದೆ ದಾವಣಗೆರೆಯ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದುದರಿಂದ ಗೋಣಿಚೀಲದ ವಾಸನೆ ನನಗೆ ಬಾಲ್ಯದಿಂದಲೂ ಪರಿಚಿತ. ಮೆಕ್ಕೆಜೋಳದ ಸುಗ್ಗಿಯಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತ ಹೆಂಗಸರು ಹರಿದ ಚೀಲಗಳಿಗೆ ತೇಪೆ ಹಾಕುತ್ತಿದ್ದರು. ದಬ್ಬಣದ ಹಿಂದೆ ಸುತಳಿ ಎಳೆದುಕೊಂಡು ಬರುವಾಗಿನ ಒರಟು ಸದ್ದು ಇನ್ನೂ ಕಿವಿಯಲ್ಲಿದೆ. ಘಾನಾ ದೇಶದ ಕಲಾವಿದ ಇಬ್ರಾಹಿಂ ಮಹಾಮಾ ಅವರ ಕೃತಿಗಳ ಚಿತ್ರಗಳನ್ನು ಮೊದಲ ಸಲ ನೋಡಿದಾಗ ಕಲೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಯಾರ್ಡೇ.

1987ರಲ್ಲಿ ಉತ್ತರ ಘಾನಾದ ತಮಾಲೆಯಲ್ಲಿ ಹುಟ್ಟಿದ ಮಹಾಮಾ ಹಳೆಯ ಗೋಣಿಚೀಲಗಳನ್ನು ರಾಶಿಗಟ್ಟಲೆ ಕೂಡಿಸಿ ಹೊಲಿಸಿ ಕಟ್ಟಡಗಳಿಗೇ ಹೊದಿಸುತ್ತಾರೆ. 2015ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಆರ್ಸೆನಾಲೆ ಎಂಬ ಹಳೆಯ ಹಡಗುಕಟ್ಟೆಯ ಉದ್ದನೆಯ ಓಣಿಯ ಗೋಡೆಗಳನ್ನೂ, 2017ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಕಲಾ ಪ್ರದರ್ಶನದಲ್ಲಿ ಹಳೆಯ ಕಾವಲು ಕಟ್ಟಡಗಳನ್ನೂ ಹೀಗೆ ಮುಚ್ಚಿದರು. ಆ ಚೀಲಗಳು ನಮ್ಮ ಏಷ್ಯಾದಲ್ಲಿ ನೇಯ್ದವು. ಘಾನಾ ತಲುಪಿದ ಮೇಲೆ ಮೊದಲು ಕೋಕೋ ಬೀಜವನ್ನು ಹೊರುತ್ತವೆ, ಅನಂತರ ಬೇರೆ ಧಾನ್ಯವನ್ನು, ಕಟ್ಟಕಡೆಗೆ ಇದ್ದಿಲನ್ನು. ಮಹಾಮಾ ಹೊಸ ಚೀಲ ಕೊಟ್ಟು ಹಳೆಯದನ್ನು ಪಡೆಯುತ್ತಾರೆ; ವ್ಯಾಪಾರಿಯ ಮಾರ್ಕಾ, ಮಾಲೀಕರ ಹೆಸರು, ತೇಪೆ, ಮಸಿ ಎಲ್ಲವೂ ಅದರ ಮೇಲೆ ಇದ್ದಂತೆಯೇ ಇರುತ್ತವೆ.

ಚೀಲಗಳನ್ನು ಹೊಲಿಯಲು ಅವರೊಡನೆ ದುಡಿದವರಲ್ಲಿ ಹಲವರು ಕೂಲಿ ಹುಡುಕಿಕೊಂಡು ಹಳ್ಳಿಯಿಂದ ನಗರಕ್ಕೆ ಬಂದವರು. ದಾರಿಯಲ್ಲಿ ಅಪಘಾತವಾಗಿ ಸತ್ತರೆ ಹೆಣ ಯಾರದೆಂದು ಮನೆಯವರಿಗೆ ತಿಳಿಯಲಿ ಎಂದು ಅವರು ಮುಂಗೈ ಮೇಲೆ ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಆ ತೋಳುಗಳ ಛಾಯಾಚಿತ್ರಗಳನ್ನೂ ಮಹಾಮಾ ಪ್ರದರ್ಶಿಸಿದ್ದಾರೆ. ಹಚ್ಚೆ ಎಂದರೆ ಅಜ್ಜಿಯ ಕೈ ಮೇಲಿನ ಹಸಿರು ಚುಕ್ಕೆಗಳೆಂದೇ ತಿಳಿದಿದ್ದ ನಾನು ಆ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತುಬಿಟ್ಟೆ, ಅದೂ ಮೊಬೈಲಿನ ಪರದೆಯಲ್ಲಿ.

ಇದೇ ಹಚ್ಚೆಯನ್ನು ಇನ್ನೊಬ್ಬ ಕಲಾವಿದರೂ ಬಳಸಿದ್ದಾರೆ. 2000ರಲ್ಲಿ ಸ್ಪೇನಿನ ಸಾಲಮಾಂಕಾ ನಗರದಲ್ಲಿ ಸಾಂತಿಯಾಗೋ ಸಿಯೆರಾ ಅವರು ಹೆರಾಯಿನ್ ಚಟಕ್ಕೆ ಬಿದ್ದಿದ್ದ ನಾಲ್ವರು ಲೈಂಗಿಕ ಕಾರ್ಯಕರ್ತೆಯರಿಗೆ ಒಂದು ಸಲದ ಹೆರಾಯಿನ್ನಿನ ಬೆಲೆಯಷ್ಟು ಹಣ ಕೊಟ್ಟು, ಸಾಲಾಗಿ ಕೂರಿಸಿ, ಅವರ ಬೆನ್ನುಗಳ ಮೇಲೆ 160 ಸೆಂಟಿಮೀಟರ್ ಉದ್ದದ ಒಂದೇ ಗೆರೆಯನ್ನು ಹಚ್ಚೆ ಹಾಕಿಸಿದರು. ಅದರ ವಿಡಿಯೊ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. ದುಡ್ಡಿದ್ದವರು ಬಡವರ ಮೈಯನ್ನು ಹೇಗೆ ಬೇಕಾದರೂ ಕೊಳ್ಳಬಲ್ಲರೆಂಬ ಸತ್ಯವನ್ನು ಇದು ಬಯಲು ಮಾಡುತ್ತದೆಂದು ಸಮರ್ಥಿಸುವವರಿದ್ದಾರೆ. ಸತ್ಯವಿರಬಹುದು, ಆದರೆ ಆ ಸತ್ಯವನ್ನು ಹೇಳಲು ಮತ್ತೆ ನಾಲ್ಕು ಬೆನ್ನುಗಳನ್ನೇ ಕೊಂಡ ಕಲಾವಿದರನ್ನು ನನಗೆ ಒಪ್ಪಲಾಗದು. ಘಾನಾದ ಕೂಲಿಯವರ ಹಚ್ಚೆ ಅವರವರ ಹೆಸರು, ಅವರೇ ಹಾಕಿಸಿಕೊಂಡದ್ದು. ಸಾಲಮಾಂಕಾದ ಗೆರೆಯಲ್ಲಿ ಅಂಥ ಒಂದು ಅಕ್ಷರವೂ ಇಲ್ಲ.

ಹಾಗೆಂದು ಮಹಾಮಾ ಅವರ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ನಿರಾಳವಾಗಿಲ್ಲ. ಮುಖವಿಲ್ಲದ ತೋಳನ್ನು ಗೋಡೆಗೆ ತೂಗುಹಾಕಿದರೆ ಅದರ ಒಡೆಯರಿಗೆ ಸಿಕ್ಕ ಮರ್ಯಾದೆ ಎಷ್ಟು ಎಂಬ ಅನುಮಾನ ಆಗಾಗ ಕಾಡುತ್ತದೆ.

ಕಳೆದ ವಾರ ಯಾರ್ಡಿಗೆ ಹೋಗಿದ್ದಾಗ, ಈಗ ಪ್ಲಾಸ್ಟಿಕ್ ಚೀಲಗಳೇ ಹೆಚ್ಚಾಗಿರುವ ಆ ಕಟ್ಟೆಯ ಮೇಲೆ ಗೋಣಿಗೆ ತೇಪೆ ಹಾಕುತ್ತಿದ್ದ ವಯಸ್ಸಾದ ಹೆಂಗಸೊಬ್ಬರಿಗೆ ವೆನಿಸ್ಸಿನ ಚಿತ್ರ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಗೋಡೆಯನ್ನಲ್ಲ, ಹೊಲಿಗೆಯನ್ನು ನೋಡಿದರು.

“ದೂರ ದೂರ ಹಾಕ್ಯಾರ. ಇದ್ರಾಗ ಕಾಳು ನಿಲ್ಲಲ್ಲವ್ವ,” ಎಂದರು. ಸ್ವಲ್ಪ ತಡೆದು, “ಯಾರು ಹೊಲ್ದಿದ್ದು?” ಎಂದು ಕೇಳಿದರು.

ನಾನು ಮಹಾಮಾ ಎಂದೆ.

“ಇಷ್ಟೂ ಒಬ್ನೇನಾ?” ಎಂದು ಫೋನನ್ನು ಹಿಂದಿರುಗಿಸಿ, ಹಲ್ಲಿನಿಂದ ಸುತಳಿ ಕಡಿದು ಮುಂದಿನ ಚೀಲವನ್ನು ಮಡಿಲಿಗೆ ಎಳೆದುಕೊಂಡರು.